ಅಡುಗೆಮನೆಯ ಮರದ ಬೀರು: ನಮ್ಮ ಬೆಟ್ಟದ ಸೀಮೆಯ ಒಂದು ಚರಿತ್ರೆ

ಚರಿತ್ರೆ ಅಂದಕೂಡಲೆ ರಾಜರು, ಯುದ್ಧ, ಕೋಟೆ ಅಂತ ನಮ್ಮ ಮಕ್ಕಳು ಬರೀತಾರೆ. ಅದು ತಪ್ಪಲ್ಲ. ಆದರೆ ಅಡುಗೆಮನೆಗೂ ಒಂದು ಚರಿತ್ರೆ ಉಂಟು. ಅದನ್ನು ಯಾರೂ ಶಾಸನದಲ್ಲಿ ಕೆತ್ತಿಸಲಿಲ್ಲ, ಅದು ಮರದ ಮೇಲೆ ಹೊಗೆಯಲ್ಲಿ ಬರೆದಿದೆ. ಈ ಸಲದ ಪುಸ್ತಕಕ್ಕೆ ಏನಾದರೂ ಬರೆದುಕೊಡಿ ಅಂತ ವಾಚನಾಲಯದ ಹುಡುಗರು ಕೇಳಿದಾಗ ನನಗೆ ಹೊಳೆದದ್ದು ನಮ್ಮ ಮನೆಯ ಅಡುಗೆ ಬೀರು. ಅದರ ಜೊತೆಗೆ ನಾನು ಕಳಕೊಂಡ ಒಂದು ವಸ್ತುವಿನ ಕಥೆಯೂ ಇದೆ. ಅದನ್ನ ಆಮೇಲೆ ಹೇಳ್ತೀನಿ.

ಮೊದಲು ಹೆಸರಿನ ವಿಚಾರ. ಬೀರು ಅನ್ನೋದು ನಮ್ಮ ಮಾತಲ್ಲ, ಇಂಗ್ಲಿಷರ ಬ್ಯೂರೋ ನಮ್ಮ ಬಾಯಲ್ಲಿ ಬೀರು ಆಯಿತು. ಅಲಮಾರು ಅನ್ನೋದು ಪೋರ್ಚುಗೀಸರ ಅರ್ಮಾರಿಯೊ. ಕಪಾಟು ಅಂದರೆ ಸಂಸ್ಕೃತದಲ್ಲಿ ಕದ. ಹಾಗಾದರೆ ಈ ಹೆಸರೆಲ್ಲ ಬರೋಕೆ ಮುಂಚೆ ನಮ್ಮವರು ಪಾತ್ರೆ ಪಡಗ ಎಲ್ಲಿ ಇಡ್ತಿದ್ರು? ಗೋಡೆಯಲ್ಲಿ ಗೂಡು ಬಿಡ್ತಿದ್ರು. ದೀಪಕ್ಕೊಂದು ಗೂಡು, ಸಾಂಬಾರ ಸಾಮಾನಿಗೊಂದು ಗೂಡು. ಹಾಲು, ಮೊಸರು, ಬೆಣ್ಣೆ ಬೆಕ್ಕಿಗೆ ಸಿಗದ ಹಾಗೆ ತೊಲೆಯಿಂದ ನೆಲುವು ಕಟ್ಟಿ ತೂಗು ಹಾಕ್ತಿದ್ರು. ಒಲೆಯ ಮೇಲ್ಗಡೆ ಅಟ್ಟ. ರಾಗಿ ಹಾಕೋಕೆ ವಾಡೆ, ಕಣಜ. ಉಪ್ಪಿಗೆ ಒಂದೇ ಮರದಲ್ಲಿ ತೋಡಿದ ಮರಿಗೆ. ಗೂಡಲೂರಿನ ಕಡೆ ಮಲೆಯಾಳ ಮಾತಾಡುವ ಮನೆಗಳಲ್ಲಿ ಭತ್ತ ತುಂಬೋಕೆ ಪತ್ತಾಯ ಅಂತ ದೊಡ್ಡ ಮರದ ಪೆಟ್ಟಿಗೆ ಇರ್ತಿತ್ತು. ಅದರ ಮುಚ್ಚಳದ ಮೇಲೇ ಒಬ್ಬರು ಹಾಸಿಕೊಂಡು ಮಲಗಬಹುದು.

ಬೆಟ್ಟದ ಮೇಲೆ ಬಡಗರ ಮನೆಗಳಲ್ಲಿ ಹಾಲಿಗೆ ಅಂತಲೇ ಬೇರೆ ಕೋಣೆ ಇತ್ತು, ಹಾಗೋಟ್ಟು ಅಂತಾರೆ. ಅದು ಮಡಿಯ ಜಾಗ, ಹಿಂದೆ ಹೆಂಗಸರು ಅದರೊಳಗೆ ಹೋಗುವಂತಿರಲಿಲ್ಲ. ಮರಗೆಲಸ, ಕಮ್ಮಾರಿಕೆ, ಮಡಕೆ ಮಾಡೋದು, ವಾದ್ಯ ನುಡಿಸೋದು ಈ ನಾಲ್ಕೂ ಕೋತರ ಕೈಲಿತ್ತು. ಬಡಗರಿಗೂ ತೊದವರಿಗೂ ಬೇಕಾದ ಸಾಮಾನು ಅವರೇ ಮಾಡಿಕೊಡ್ತಿದ್ರು, ಬದಲಿಗೆ ಧಾನ್ಯ, ತುಪ್ಪ ತಗೊಳ್ತಿದ್ರು. ಕೊಳಲು ಊದುವ ಕೈಯೇ ಕೊಡಲಿಗೆ ಕಾವು ಹಾಕುವ ಕೈಯೂ ಆಗಿತ್ತು. ಹಾಡುವವನಾದ ನನಗೆ ಇದು ಬಹಳ ಹಿಡಿಸುವ ಸಂಗತಿ.

ಇನ್ನು ಇಂಗ್ಲಿಷರು ಬಂದ ಕಾಲ. 1819ರಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್ ಬೆಟ್ಟ ಹತ್ತಿದ. ಮೂರು ನಾಲ್ಕು ವರ್ಷದೊಳಗೆ ಊಟಿಯಲ್ಲಿ ಕಲ್ಲಿನ ಮನೆ ಎದ್ದಿತು. ಬಡಗರು ಅದನ್ನು ಕಲ್ ಬಂಗಲೆ ಅಂತ ಕರೆದರು. ಈಗ ಸರ್ಕಾರಿ ಕಲಾ ಕಾಲೇಜು ಇರುವ ಜಾಗ ಅದು. ಆಮೇಲೆ ಸೇಂಟ್ ಸ್ಟೀಫನ್ ಚರ್ಚು. 1829ರಲ್ಲಿ ತಳಪಾಯ, 1830ರಲ್ಲಿ ಪ್ರತಿಷ್ಠೆ. ಅದರ ತೊಲೆಗಳು ಎಲ್ಲಿಯವು ಗೊತ್ತೆ? ನಮ್ಮ ಶ್ರೀರಂಗಪಟ್ಟಣದವು! 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಮೇಲೆ ಅವನ ಲಾಲ್ ಮಹಲ್ ಅರಮನೆ ಪಾಳುಬಿತ್ತು. ಅಲ್ಲಿಯ ತೇಗದ ತೊಲೆಗಳನ್ನ ಬಿಚ್ಚಿ, ಆನೆ ಕಟ್ಟಿ ಎಳೆಸಿ, ಇಷ್ಟೆತ್ತರದ ಬೆಟ್ಟಕ್ಕೆ ತಂದು ಚರ್ಚಿಗೆ ಹಾಕಿದರು. ಅರಮನೆಯಲ್ಲಿ ಒಂದು ಆಯುಸ್ಸು, ಗುಡಿಯಲ್ಲಿ ಇನ್ನೊಂದು ಆಯುಸ್ಸು. ಸುಮಾರು ಇನ್ನೂರು ವರ್ಷವಾದರೂ ಇನ್ನೂ ಹೊರೆ ಹೊತ್ತುಕೊಂಡು ನಿಂತಿವೆ. ನೀರು ತಾಗದೆ, ಗೆದ್ದಲು ಹತ್ತದೆ, ಗಾಳಿ ಆಡಿದರೆ ಮರ ಮನುಷ್ಯನ ಏಳು ತಲೆಮಾರು ನೋಡುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಊಟಿಗೆ ಮಕ್ಕಳನ್ನ ಕರಕೊಂಡು ಹೋಗುವ ಮೇಷ್ಟ್ರುಗಳು ಹೂವಿನ ತೋಟ ತೋರಿಸಿದ ಮೇಲೆ ಈ ತೊಲೆಗಳನ್ನೂ ತೋರಿಸಿ.

ದೊರೆಗಳ ಬಂಗಲೆಗಳ ಅಡುಗೆಮನೆಯಿಂದಲೇ ಬೀರು ನಮ್ಮ ಮನೆಗಳಿಗೆ ಇಳಿದು ಬಂತು. ಅವರು ಮಾಂಸ, ಹಾಲು ಇಡೋಕೆ ಜಾಲರಿ ಬೀರು ಮಾಡಿಸ್ತಿದ್ರು. ನಾಲ್ಕು ಕಡೆ ತಂತಿ ಜಾಲರಿ, ಗಾಳಿ ಆಡುತ್ತೆ, ನೊಣ ಬರಲ್ಲ. ಕಾಲುಗಳ ಕೆಳಗೆ ನೀರು ತುಂಬಿದ ಬಟ್ಟಲು, ಇರುವೆ ಹತ್ತಲ್ಲ. ಬಟ್ಲರ್, ಅಡುಗೆ ಕೆಲಸ ಅಂತ ಬಂಗಲೆಗೆ ಹೋದ ನಮ್ಮವರು ಅದನ್ನ ನೋಡಿ ಕಲಿತರು. ಆಮೇಲೆ ಟೀ ತೋಟ ಬಂದವು. ಟೀ ತುಂಬುವ ಪ್ಲೈವುಡ್ ಪೆಟ್ಟಿಗೆ ಹಳೆಯದಾದರೆ ಲೈನ್ ಮನೆಗಳಲ್ಲಿ ಅದೇ ಬೀರು. ಎರಡು ಪೆಟ್ಟಿಗೆ ಒಂದರ ಮೇಲೊಂದು ಇಟ್ಟು, ಮುಂದೆ ಹಳೆ ಸೀರೆ ಪರದೆ ಕಟ್ಟಿದರೆ ಮುಗೀತು. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ಮೇಲೆ ಸಿಲೋನಿನಿಂದ ಬಂದವರಿಗೆ ಸರ್ಕಾರ ಟೀ ತೋಟ ಮಾಡಿ ಗೂಡಲೂರು, ಕೋತಗಿರಿ ಕಡೆ ಕೆಲಸ ಕೊಟ್ಟಿತಲ್ಲ, ಅವರ ಮನೆಗಳಲ್ಲೂ ನಾನು ಇಂಥ ಪೆಟ್ಟಿಗೆ ಬೀರು ಕಂಡಿದ್ದೇನೆ. ಬಡವರ ಬೀರು ಅಂತ ತಾತ್ಸಾರ ಬೇಡ. ಅದನ್ನ ಅವರು ವಾರಕ್ಕೊಮ್ಮೆ ಒರೆಸ್ತಿದ್ರು.

ನಮ್ಮ ಮಸಿನಗುಡಿ ಕಡೆ ಬೀರು ಮಾಡಿಸೋದು ಅಂದರೆ ಬೀಟೆ, ತೇಗ, ಹೊನ್ನೆ, ಮತ್ತಿ. ಕೈಲಾಗದವರು ಹಲಸು. ಬೀಟೆಗೆ ಆಚೆ ಮಲೆಯಾಳದವರು ಈಟಿ ಅಂತಾರೆ. ನಮ್ಮ ತಾತ ಕೂಪಿನಿಂದ ಹಲಗೆ ಕೊಂಡು, ಗುಂಡ್ಲುಪೇಟೆ ಕಡೆಯ ಆಚಾರಿಯನ್ನ ಕರೆಸಿ, ಒಂದು ತಿಂಗಳು ಊಟ ಹಾಕಿ ಬೀರು ಮಾಡಿಸಿದರು. ಒಂದೇ ಒಂದು ಕಬ್ಬಿಣದ ಮೊಳೆ ಇಲ್ಲ, ಎಲ್ಲಾ ಬಿದಿರಿನ ಗೂಟ. ಯಾಕೆ ಅಂತ ನಮ್ಮಪ್ಪ ಹೇಳ್ತಿದ್ರು: ಅಡುಗೆಮನೆಯಲ್ಲಿ ಉಪ್ಪು ಇರುತ್ತೆ, ಉಪ್ಪು ತೇವ ಎಳೆಯುತ್ತೆ, ತೇವಕ್ಕೆ ಮೊಳೆ ತುಕ್ಕು ಹಿಡಿಯುತ್ತೆ, ತುಕ್ಕು ಸುತ್ತಲ ಮರವನ್ನ ತಿನ್ನುತ್ತೆ.

ಈಗ ಅಂಥ ಹಲಗೆ ಎಲ್ಲಿಂದ ತರ್ತೀರಿ? ಮುದುಮಲೆ 1940ರಲ್ಲೇ ಅಭಯಾರಣ್ಯ ಆಯಿತು. ಬೀಟೆ ಮರ ಉಳಿಸೋಕೆ ಅಂತಲೇ ತಮಿಳುನಾಡು ಸರ್ಕಾರ 1994ರಲ್ಲಿ ಕಾನೂನು ಮಾಡಿತು. ಪಟ್ಟಾ ಜಮೀನಿನಲ್ಲಿದ್ದ ಬೀಟೆ ಕಡಿಯೋಕೂ ಅಪ್ಪಣೆ ಬೇಕಾಯಿತು. ಅದು ಒಳ್ಳೆಯದೇ, ಇಲ್ಲದಿದ್ದರೆ ಕಾಡಿನಲ್ಲಿ ಒಂದು ಬೀಟೆಯೂ ಉಳಿಯುತ್ತಿರಲಿಲ್ಲ. ಆದರೆ ಅದರಿಂದ ಒಂದು ಮಾತು ಖಾತ್ರಿಯಾಯಿತು. ಮನೆಯಲ್ಲಿರುವ ಹಳೆ ಬೀರು ಹಾಳಾದರೆ ಅಂಥದ್ದು ಇನ್ನೊಂದು ಬರಲ್ಲ. ಈಗ ಸಿಗೋದು ಸಿಲ್ವರ್ ಓಕ್, ಇಲ್ಲಾ ಅಂಗಡಿಯ ಪುಡಿ ಅಂಟಿಸಿದ ಹಲಗೆ. ಸಿಲ್ವರ್ ಓಕಿಗೆ ಬೇಗ ಕುಟ್ಟೆ ಹಿಡಿಯುತ್ತೆ, ಪುಡಿ ಹಲಗೆ ಒಂದು ಮಳೆಗಾಲದ ತೇವಕ್ಕೆ ಉಬ್ಬುತ್ತೆ.

ನಾನು ಕಳಕೊಂಡದ್ದರ ವಿಚಾರ ಈಗ ಹೇಳ್ತೀನಿ.

ನನಗೆ ಪದ ಕಲಿಸಿದ ಹಿರಿಯರೊಬ್ಬರಿದ್ದರು. ಅವರಿಗೆ ಅಕ್ಷರ ಬರ್ತಿರಲಿಲ್ಲ. ಅವರು ಹಾಡಿದ್ದನ್ನ ನಾನು ಮೂರು ನೋಟು ಪುಸ್ತಕದಲ್ಲಿ ಬರಕೊಂಡಿದ್ದೆ. ಮಾದಪ್ಪನ ಪದ, ಮಾರಮ್ಮನ ಪದ, ರಾಗಿ ಬೀಸೋ ಪದ, ಸೋಬಾನೆ. ಆ ಪುಸ್ತಕ ಇಟ್ಟಿದ್ದು ಅಡುಗೆ ಬೀರುವಿನ ಮೇಲಿನ ಅಂತಸ್ತಿನಲ್ಲಿ. ನಗಬೇಡಿ. ಮನೆಯಲ್ಲಿ ಹುಳ ಬೀಳದ ಜಾಗ ಅದೊಂದೇ ಇತ್ತು. ಬೀರು ಒಲೆಗೆ ನಾಲ್ಕು ಮಾರು ದೂರ, ಬೆಳಗ್ಗೆ ಸಂಜೆ ಹೊಗೆ ಆಡ್ತಿತ್ತು. ಇಲ್ಲಣ ಕಟ್ಟಿ ಕಪ್ಪಗಿದ್ರೂ ಇರುವೆ ಇಲ್ಲ, ಗೆದ್ದಲು ಇಲ್ಲ. ಅಟ್ಟದ ಮೇಲೆ ಬೀಜದ ರಾಗಿ, ಜೋಳದ ತೆನೆ ಕಟ್ಟೋದೂ ಇದೇ ಕಾರಣಕ್ಕೆ.

ಆಮೇಲೆ ಮನೆಗೆ ಗ್ಯಾಸ್ ಒಲೆ ಬಂತು. ಸೌದೆ ಒಲೆ ಹೊರಗೆ ಹಿತ್ತಿಲಿಗೆ ಹೋಯಿತು. ನನ್ನ ಹೆಂಡತಿಯ ಕೆಮ್ಮು ಕಮ್ಮಿ ಆಯಿತು, ಕಣ್ಣು ಉರಿ ನಿಂತಿತು. ಕಾಡಿಗೆ ಸೌದೆಗೆ ಹೋಗಿ ಆನೆಗೆ ಎದುರು ಬೀಳೋದು ತಪ್ಪಿತು. ಹೊಗೆ ಹೋಯಿತಲ್ಲ ಅಂತ ನಾನು ಅಳೋನಲ್ಲ. ಆದರೆ ಹೊಗೆ ದಿನಾ ಮಾಡ್ತಿದ್ದ ಒಂದು ಕೆಲಸವನ್ನ ಇನ್ನು ಮೇಲೆ ನಮ್ಮ ಕೈ ಮಾಡಬೇಕು ಅನ್ನೋದು ನನಗೆ ತಿಳೀಲಿಲ್ಲ. ಮಗಳ ಮದುವೆಗೆ ಅಂತ ಮನೆಗೆ ಸುಣ್ಣ ಬಳಿಸಿದೆವು. ಬೀರುವಿನ ಮಸಿ ಹೋಗಲಿ ಅಂತ ನಾನೇ ಕುದಿಯೋ ನೀರಿಗೆ ಬಟ್ಟೆ ಸೋಡಾ ಹಾಕಿ ಸುರಿದು ಉಜ್ಜಿದೆ. ಉರಿ ಬಿಸಿಲಿಗೆ ಇಟ್ಟು ಒಣಗಿಸಿದೆ. ಸಂಜೆಯ ಹೊತ್ತಿಗೆ ಒಂದು ಕದ ಬಿರುಕು ಬಿಟ್ಟಿತು, ಮರವೆಲ್ಲ ಬೂದಿ ಬಣ್ಣ. ನೂರು ವರ್ಷ ಮರ ಕುಡಿದಿದ್ದ ಎಣ್ಣೆಯನ್ನೆಲ್ಲ ಸೋಡಾ ಒಂದೇ ದಿನದಲ್ಲಿ ತೆಗೆದುಹಾಕಿತ್ತು. ಆಮೇಲೆ ಅದನ್ನ ತಂದು ಗೋಡೆಗೆ ಒತ್ತಿ ನಿಲ್ಲಿಸಿದೆ. ಆ ಗೋಡೆಯ ಆಚೆ ಬಚ್ಚಲು.

ಎರಡು ಮಳೆಗಾಲ ಕಳೀತು. ಒಂದು ದಿನ ಹಬ್ಬಕ್ಕೆ ಪದ ನೋಡಿಕೊಳ್ಳೋಣ ಅಂತ ಪುಸ್ತಕ ತೆಗೆದರೆ ಕೈಗೆ ಬಂದದ್ದು ರಟ್ಟು ಮಾತ್ರ. ಒಳಗೆ ಮಣ್ಣು. ಗೆದ್ದಲು ಗೋಡೆಯಿಂದ ಬೀರುವಿನ ಬೆನ್ನ ಹಲಗೆಗೆ ಬಂದು, ಅಲ್ಲಿಂದ ಪುಸ್ತಕಕ್ಕೆ ಹತ್ತಿತ್ತು. ಬೆನ್ನ ಹಲಗೆ ಮಾತ್ರ ಹಲಸಿನದು, ಅದನ್ನ ತಿಂದಿತ್ತು. ಬೀಟೆಯನ್ನ ಮುಟ್ಟಿರಲಿಲ್ಲ. ನನ್ನ ಹಿರಿಯರು ಅಷ್ಟರಲ್ಲಿ ತೀರಿಹೋಗಿದ್ದರು. ಬಾಯಿಗೆ ಬಂದಷ್ಟು ಪದ ಉಳಿಯಿತು, ಮಿಕ್ಕದ್ದು ಹೋಯಿತು. ಇದರಲ್ಲಿ ಗೆದ್ದಲಿನ ತಪ್ಪಿಲ್ಲ, ಅದು ಅದರ ಕೆಲಸ ಮಾಡಿತು. ತಪ್ಪು ನನ್ನದು.

ಆ ಮೇಲೆ ಆಚಾರಿಗಳನ್ನ, ಮುದುಕಿಯರನ್ನ, ಬಂಗಲೆಯಲ್ಲಿ ಕೆಲಸ ಮಾಡಿದವರನ್ನ ಕೇಳಿ ಕೇಳಿ ಕಲಿತದ್ದನ್ನ ಇಲ್ಲಿ ಬರೀತೀನಿ. ಓದುಗರು ನನ್ನ ಹಾಗೆ ಕಳಕೊಂಡು ಕಲಿಯೋದು ಬೇಡ.

ಬೀರು ನಿಲ್ಲಿಸುವ ಜಾಗ ಮೊದಲು ನೋಡಿ. ಗೋಡೆಯಿಂದ ನಾಲ್ಕು ಬೆರಳು ಈಚೆಗಿರಲಿ, ಹಿಂದೆ ಗಾಳಿ ಆಡಲಿ, ಕಣ್ಣಿಗೂ ಕಾಣಲಿ. ಕಾಲಿನ ಕೆಳಗೆ ಕಲ್ಲು ಕೊಡಿ. ಮರ ನೆಲದ ತೇವ ಕುಡಿಯಬಾರದು. ಇರುವೆಗೆ ನೀರಿನ ಬಟ್ಟಲು ಇಡುವುದಾದರೆ ಮರದ ಕಾಲು ನೀರಿನಲ್ಲೇ ಅದ್ದಬಾರದು. ನಡುವೆ ಗುಬುಟು ಇರುವ ಕಲ್ಲಿನ ಬಟ್ಟಲು ಹಿಂದೆ ಇದ್ದವು, ಕಾಲು ಗುಬುಟಿನ ಮೇಲೆ, ನೀರು ಸುತ್ತಲೂ. ನೀರನ್ನ ಎರಡು ಮೂರು ದಿನಕ್ಕೊಮ್ಮೆ ಚೆಲ್ಲಿ ಬದಲಿಸಿ, ಇಲ್ಲದಿದ್ದರೆ ಇರುವೆ ಹೋಗಿ ಡೆಂಗಿ ಸೊಳ್ಳೆ ಬಂದಂತೆ ಆಗುತ್ತೆ.

ಒರೆಸುವ ಕ್ರಮ ಹೀಗೆ. ಮೊದಲು ಒಣ ಬಟ್ಟೆಯಲ್ಲಿ ಧೂಳು, ಇಲ್ಲಣ ತೆಗೀಬೇಕು, ಮೂಲೆಗೆ ಹಳೆ ಬ್ರಷ್. ಒಗ್ಗರಣೆಯ ಜಿಡ್ಡು ಕೂತಿದ್ದರೆ ಅಂಟುವಾಳದ ಕಾಯಿಯನ್ನ ಬಿಸಿನೀರಿನಲ್ಲಿ ನೆನೆಸಿ ಕಿವುಚಿ, ಆ ನೊರೆಯಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ಮರದ ನಾರು ಹೋದ ಕಡೆಗೇ ಒರೆಸಬೇಕು, ಅಡ್ಡಕ್ಕೆ ಬೇಡ. ಹಿಂದೆಯೇ ಇನ್ನೊಬ್ಬರು ಒಣಬಟ್ಟೆ ಹಿಡಿದು ಒರೆಸ್ತಾ ಬರಬೇಕು. ನೀರು ಸುರಿಯೋದು, ಸೋಡಾ, ತಂತಿ ಬ್ರಷ್ಷು, ಉರಿ ಬಿಸಿಲು ಈ ನಾಲ್ಕೂ ಮರಕ್ಕೆ ಶತ್ರು. ಒಣಗೋದು ನೆರಳಿನ ಗಾಳಿಯಲ್ಲಿ.

ಗೂಡಲೂರು, ದೇವಾಲ ಕಡೆ ಮುಂಗಾರು ಹಿಡಿದರೆ ಬಿಡಲ್ಲ, ಬೀರುವಿನೊಳಗೆ ಬೂಸಲು ಬರುತ್ತೆ. ಊಟಿಯ ಮಂಜಿಗೂ ಹಾಗೇ. ಅದಕ್ಕೆ ವಿನೆಗರನ್ನ ಅಷ್ಟೇ ನೀರು ಸೇರಿಸಿ ಬಟ್ಟೆಯಲ್ಲಿ ಒರೆಸಿ, ಕದ ತೆರೆದಿಟ್ಟು ಪೂರಾ ಒಣಗಿಸಬೇಕು. ನಮ್ಮ ಮಸಿನಗುಡಿ ಮಳೆ ಮರೆಯ ಸೀಮೆ, ಇಲ್ಲಿ ಕಷ್ಟ ಬೇರೆ. ಬೇಸಿಗೆಯಲ್ಲಿ ಮರ ಒಣಗಿ ಸೀಳುತ್ತೆ. ಒಂದು ಬೆಟ್ಟದಲ್ಲೇ ಹತ್ತು ಹವೆ, ಆರೈಕೆಯೂ ಹಾಗೇ. ಮಳೆಗಾಲದಲ್ಲಿ ಕದ ಬಿಗಿಯಾಯಿತು ಅಂತ ಆಗಲೇ ಉಳಿಬಾಚಿ ಹಿಡಿದು ಕೆತ್ತಿಸಬೇಡಿ. ಮರ ನೀರು ಕುಡಿದು ಊದಿಕೊಂಡಿರುತ್ತೆ, ಬೇಸಿಗೆಗೆ ಕುಗ್ಗುತ್ತೆ. ಈಗ ಕೆತ್ತಿದರೆ ಆಗ ಇಲಿ ನುಗ್ಗುವಷ್ಟು ಸಂದು. ಅಂಚಿಗೆ ಮೇಣದ ಬತ್ತಿ ಉಜ್ಜಿ ಸುಮ್ಮನಿರಿ. ಕೀಲಿಗೆ ಒಂದು ತೊಟ್ಟು ಹರಳೆಣ್ಣೆ ಸಾಕು.

ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಒಂದು, ಮಳೆ ನಿಂತ ಮೇಲೆ ಒಂದು, ಮರಕ್ಕೆ ಎಣ್ಣೆ ಕುಡಿಸಬೇಕು. ನಮ್ಮ ಬೆಟ್ಟದ ಬಂಡೆಗಳಿಂದ ಕುರುಂಬರು ಜೇನು ಇಳಿಸ್ತಾರೆ, ಜೇನುಮೇಣ ಅವರಲ್ಲಿ ಸಿಗುತ್ತೆ. ಮೇಣ ಒಂದು ಪಾಲು, ಅಗಸೆ ಎಣ್ಣೆ ಮೂರು ಪಾಲು. ನೇರ ಉರಿಯ ಮೇಲೆ ಇಡಬಾರದು, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಬೇಕು. ಆರಿದ ಮೇಲೆ ತೆಳ್ಳಗೆ ಹಚ್ಚಿ, ಒಂದು ರಾತ್ರಿ ಬಿಟ್ಟು, ಒಣಬಟ್ಟೆಯಲ್ಲಿ ಉಜ್ಜಿದರೆ ಮರ ಹೊಳೆಯುತ್ತೆ. ಅಡುಗೆಗೆ ಬಳಸುವ ಕೊಬ್ಬರಿ ಎಣ್ಣೆ, ಕಡಲೆಕಾಯಿ ಎಣ್ಣೆ ಹಚ್ಚಬೇಡಿ. ಅವು ಒಣಗಲ್ಲ, ಅಂಟಾಗಿ ಮುಗ್ಗಲು ವಾಸನೆ ಹಿಡಿದು ಜಿರಲೆ ಕರೆಯುತ್ತವೆ. ಇನ್ನೊಂದು ಮುಖ್ಯ ಮಾತು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಕಾವು ಕಟ್ಟಿ ಬೆಂಕಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ ಆಮೇಲೆ ಬಿಸಾಡಿ.

ಗೆದ್ದಲಿನ ಮಣ್ಣಿನ ಗೆರೆ ಕಂಡರೆ ಅವತ್ತೇ ಕೆರೆದು, ಅದು ಎಲ್ಲಿಂದ ಬಂತು ಅಂತ ಹುಡುಕಬೇಕು. ಬೇರೆಲ್ಲ ಬಿಟ್ಟು ಮೊದಲು ಆ ತೇವ ನಿಲ್ಲಿಸಬೇಕು. ಕೆರೆದ ಜಾಗಕ್ಕೆ ಬೇವಿನೆಣ್ಣೆ. ಹಿಂದೆ ಸೀಮೆಎಣ್ಣೆ ಹಚ್ಚುತ್ತಿದ್ದರು, ಗ್ಯಾಸ್ ಇರುವ ಅಡುಗೆಮನೆಯಲ್ಲಿ ಅದು ಬೇಡವೇ ಬೇಡ. ಮರದಿಂದ ಸಣ್ಣ ಹಿಟ್ಟು ಉದುರುತ್ತಿದ್ದರೆ ಅದು ಕುಟ್ಟೆ, ಆ ಹಲಗೆಯನ್ನ ಬೇರೆ ಮಾಡಿ ಆಚಾರಿಗೆ ತೋರಿಸಿ.

ಜಿರಲೆಗೆ ನಮ್ಮ ಬೆಟ್ಟದ ಮದ್ದು ನೀಲಗಿರಿ ಎಣ್ಣೆ. ಇದರಲ್ಲೂ ಒಂದು ತಮಾಷೆಯ ಚರಿತ್ರೆ ಇದೆ. ಕರ್ನಾಟಕದಲ್ಲಿ ಎಲ್ಲಿ ಹೋದರೂ ಆ ಮರಕ್ಕೆ ನೀಲಗಿರಿ ಮರ ಅಂತಾರೆ, ನಮ್ಮ ಬೆಟ್ಟದ್ದೇ ಅನ್ನೋ ಹಾಗೆ. ಅದು ಆಸ್ಟ್ರೇಲಿಯಾದ್ದು. 1843ರಲ್ಲಿ ಕಾಟನ್ ಅನ್ನೋ ಕ್ಯಾಪ್ಟನ್ ಊಟಿಗೆ ತಂದು ನೆಟ್ಟನಂತೆ, ಸೌದೆಗೆ ಆಗಲಿ ಅಂತ. ಅದು ಹುಲ್ಲುಗಾವಲನ್ನೂ ಜೌಗನ್ನೂ ನುಂಗಿತು, ಅದು ಬೇರೆ ದುಃಖ. ಅದರ ಎಲೆ ಬೇಯಿಸಿ ಇಳಿಸಿದ ಎಣ್ಣೆ ನಾಲ್ಕು ತೊಟ್ಟು ಹತ್ತಿಗೆ ಹಾಕಿ ಬೀರುವಿನ ಮೂಲೆಗಿಟ್ಟರೆ ಜಿರಲೆ ದೂರ. ಆದರೆ ಹೊಟ್ಟೆಗೆ ಹೋದರೆ ವಿಷ, ಮಕ್ಕಳ ಕೈಗೆ ಸಿಗಬಾರದು.

ಕದ ಸರಿಯಾಗಿ ಮುಚ್ಚುವ ಬೀರು ಇಲಿ, ಇರುವೆಗೆ ಮಾತ್ರ ಅಂತ ತಿಳೀಬೇಡಿ. ಗೂಡಲೂರು, ಪಂದಲೂರು ಕಡೆ ಅಕ್ಕಿಯ ರುಚಿ ಕಂಡ ಆನೆಗಳು ಅಡುಗೆಮನೆ ಗೋಡೆ ಕೆಡವಿದ್ದು ನೀವು ಕೇಳಿದ್ದೀರಿ. ಆನೆಗೆ ಬೀರು ಅಡ್ಡಿಯಲ್ಲ, ನಿಜ. ಅಕ್ಕಿ, ಉಪ್ಪು, ಬೆಲ್ಲ ಚೆಲ್ಲಾಡದೆ, ವಾಸನೆ ಹರಡದೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಬೀರುವಿನೊಳಗೆ ಇರಲಿ ಅಂತ ಮಾತ್ರ ಹೇಳ್ತೀನಿ.

ಹೋದ ವರ್ಷ ಹಳೆ ಸಾಮಾನು ಕೊಳ್ಳುವವನೊಬ್ಬ ಊಟಿ ಕಡೆಯಿಂದ ಬಂದು ನಮ್ಮ ಬೀರು ನೋಡಿದ. ಮಗನ ಹತ್ತಿರ ಬೆಲೆ ಮಾತಾಡಿದ. ಮಗ, "ಅಪ್ಪಾ, ಈ ದುಡ್ಡಲ್ಲಿ ಹೊಸಾ ಅಡುಗೆಮನೆಯೇ ಮಾಡಿಸಬಹುದು" ಅಂದ. ನಾನು ಏನೂ ಹೇಳಲಿಲ್ಲ. ನನ್ನ ಸೊಸೆ ಒಳಗಿಂದ ಬಂದು, "ಮಾವ, ಇದು ಇರಲಿ, ನಾನು ಒರೆಸಿಕೊಳ್ತೀನಿ" ಅಂದಳು. ಅದು ಉಳಿದದ್ದು ಅವಳ ಮಾತಿನಿಂದ. ನೂರು ವರ್ಷದ ಕೆಳಗೆ ಆಚಾರಿ ಮಾಡಿದ್ದು ಒಂದು ತಿಂಗಳ ಕೆಲಸ. ಅದನ್ನ ಉಳಿಸಿದ್ದು ನಮ್ಮಜ್ಜಿ, ನಮ್ಮವ್ವ, ನನ್ನ ಹೆಂಡತಿ, ಈಗ ಸೊಸೆ. ಚರಿತ್ರೆಯಲ್ಲಿ ಮಾಡಿದವನ ಹೆಸರಾದರೂ ಕೆಲವು ಸಲ ಉಳಿಯುತ್ತೆ, ಒರೆಸಿದವರ ಹೆಸರು ಉಳಿಯಲ್ಲ. ಆಮೇಲೆ ಮಗನೂ ಒರೆಸೋಕೆ ಕೈ ಹಾಕಿದ್ದಾನೆ ಅನ್ನೋದನ್ನ ಇಲ್ಲಿ ಬರೀಬೇಕು, ಇಲ್ಲದಿದ್ದರೆ ಅವನಿಗೆ ಬೇಜಾರು.

ಬಿರುಕು ಬಿಟ್ಟ ಕದವನ್ನ ನಾನು ಬದಲಿಸಿಲ್ಲ. ಹಿಂದೆ ಒಂದು ಪಟ್ಟಿ ಕೊಟ್ಟು ನಿಲ್ಲಿಸಿದ್ದೇನೆ. ನೆನಪಿನಲ್ಲಿ ಉಳಿದ ಪದಗಳನ್ನ ಮತ್ತೆ ಬರೆಯೋಕೆ ಶುರುಮಾಡಿದ್ದೇನೆ, ಶಾಲೆಯ ಮೇಷ್ಟ್ರೊಬ್ಬರು ಇನ್ನೊಂದು ಪ್ರತಿ ಮಾಡಿಕೊಡ್ತಿದ್ದಾರೆ. ಒಂದು ಪ್ರತಿ ಈ ವಾಚನಾಲಯಕ್ಕೆ. ಇನ್ನೊಂದು ಮತ್ತೆ ಅದೇ ಬೀರುವಿನ ಮೇಲಿನ ಅಂತಸ್ತಿಗೆ. ಈಗ ಪ್ರತಿ ಅಮಾವಾಸ್ಯೆಗೆ ಬೆನ್ನ ಹಲಗೆಯನ್ನ ದೀಪ ಹಿಡಿದು ನೋಡ್ತೀನಿ. ನೀವೂ ನಿಮ್ಮ ಮನೆಯದನ್ನ ಒಮ್ಮೆ ನೋಡಿ.